ಮೇಷ್ಟ್ರ ದನಿಗೆ ಎರಡು ಆಂಟೆನಾ

ವಿಜಯವಾಡದ ಒನ್ ಟೌನ್ ಪೇಟೆಯಲ್ಲಿ ತಗಡಿನ ಮಾಡಿನ ಹಳೆಯದೊಂದು ಹಾಲ್ ಇತ್ತು. ಅಲ್ಲಿ ಆ ಸಂಜೆ ಮೇಷ್ಟ್ರು ಮೊದಲ ಪದ್ಯ ಎತ್ತಿಕೊಂಡರು. ಎರಡನೆಯ ಸಾಲಿನ ನಡುವೆ ಸ್ಪೀಕರುಗಳಿಂದ ‘ಭುಸ್’ ಎಂಬ ಸದ್ದು ಬಂದು ದನಿ ನಿಂತುಹೋಯಿತು. ವೇದಿಕೆಯ ಮೇಲೆ ಅವರ ಬಾಯಿ ಆಡುತ್ತಿತ್ತು, ಎತ್ತಿದ ಕೈ ಎತ್ತಿದಂತೆಯೇ ಇತ್ತು. ಅವರು ಅರ್ಧ ಹೆಜ್ಜೆ ಸರಿದಾಗ ದನಿ ತಿರುಗಿ ಬಂತು. ಸ್ವಲ್ಪ ಹೊತ್ತಿಗೆ ಮಾತಿನ ಮಧ್ಯದಲ್ಲಿ ಮತ್ತೆ ಹೋಯಿತು. ಹಿಂದಿನ ಸಾಲಿನಿಂದ ಯಾರೋ ಮೈಕಿನವನಿಗೆ ಬೈದರು. ಆ ಮೈಕಿನವನು ನಾನು.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಬಳ್ಳಾರಿಯವನು, ವಿಜಯವಾಡದ ಒಂದು ಸೌಂಡ್ ಸಿಸ್ಟಂ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಹಗಲು ಆಂಪ್ಲಿಫೈಯರ್ ರಿಪೇರಿ, ನಾಟಕವಿದ್ದ ದಿನ ಮೈಕು ನೋಡಿಕೊಳ್ಳುವುದು. ಆ ಕಡೆ ಪೌರಾಣಿಕ ನಾಟಕವೆಂದರೆ ಜನ ನೋಡಲು ಬರುವುದಕ್ಕಿಂತ ಹೆಚ್ಚಾಗಿ ಪದ್ಯ ಕೇಳಲು ಬರುತ್ತಾರೆ. ನಟ ಪದ್ಯವನ್ನು ರಾಗವಾಗಿ ಹೇಳುತ್ತಾ ಹೋಗಿ, ಕೊನೆಯಲ್ಲಿ ದನಿಯನ್ನು ತಾರಸ್ಥಾಯಿಗೆ ಒಯ್ದು ಅಲ್ಲೇ ನಿಲ್ಲಿಸಬೇಕು. ಎಷ್ಟು ಹೊತ್ತು ನಿಲ್ಲಿಸುತ್ತಾನೆ ಎಂಬುದರ ಮೇಲೆ ಅವನ ಹೆಸರು. ರಾಜಪಾತ್ರಗಳಿಗೆ ಕೃಷ್ಣಾ ಜಿಲ್ಲೆಯಲ್ಲೆಲ್ಲ ಹೆಸರಾಗಿದ್ದವರು ನಮ್ಮ ಮೇಷ್ಟ್ರು. ಅವರು ಶಾಲೆಯ ಮೇಷ್ಟ್ರಲ್ಲ, ಹುಡುಗರಿಗೆ ಪದ್ಯ ಹೇಳಿಕೊಡುತ್ತಿದ್ದರಿಂದ ಆ ಹೆಸರು ನಿಂತಿತ್ತು. ತೆಲುಗಿನವರು. ಹೆಂಡತಿ ಮಾತ್ರ ನಮ್ಮ ಹೊಸಪೇಟೆಯ ಕಡೆಯವರು, ಬಳ್ಳಾರಿಗೆ ನಾಟಕಕ್ಕೆ ಹೋಗಿದ್ದಾಗ ಕೂಡಿಬಂದ ಸಂಬಂಧ. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಮಕ್ಕಳೆಲ್ಲ ತೆಲುಗೇ ಆಡುತ್ತಿದ್ದ ಆ ಮನೆಯಲ್ಲಿ ಅಕ್ಕನಿಗೆ ಕನ್ನಡ ಮಾತಾಡಲು ಸಿಗುತ್ತಿದ್ದವರು ಗಂಡ ಮತ್ತು ನಾನು, ಇಬ್ಬರೇ.

ವೈರ್‌ಲೆಸ್ ಮೈಕು ಬರುವ ಮೊದಲು ವೇದಿಕೆಯ ಮುಂದೆ ಎರಡು ಮೈಕು ನಿಲ್ಲಿಸಿ, ನಡುವೆ ಒಂದನ್ನು ಇಳಿಬಿಡುತ್ತಿದ್ದೆವು. ನಟರೇ ಮೈಕಿನ ಹತ್ತಿರ ಬಂದು ಹಾಡಬೇಕು. ಒಂದು ವರ್ಷದಿಂದ ಮೇಷ್ಟ್ರ ದನಿ ಹಿಂದಿನ ಸಾಲಿಗೆ ಮುಟ್ಟುತ್ತಿಲ್ಲ ಎಂಬ ದೂರು ಬರತೊಡಗಿತ್ತು. ನಾಟಕದ ಕಂಟ್ರಾಕ್ಟರು ಪರಿಚಯದವರ ಕೈಲಿ ಸಿಂಗಪುರದಿಂದ ಎರಡು ವೈರ್‌ಲೆಸ್ ಮೈಕಿನ ಸೆಟ್ಟು ತರಿಸಿದರು. ನಟನ ಎದೆಯ ಮೇಲೆ ಗುಂಡಿಯಷ್ಟು ಮೈಕು, ಸೊಂಟಕ್ಕೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಟ್ರಾನ್ಸ್‌ಮಿಟರು, ಅದರಿಂದ ಇಳಿಬಿದ್ದ ಒಂದು ವಯರು. ನನ್ನ ಮೇಜಿನ ಮೇಲೆ ರಿಸೀವರು, ಅದಕ್ಕೊಂದು ಆಂಟೆನಾ. ಎರಡು ಸೆಟ್ಟಿನಲ್ಲಿ ಒಂದರ ಟ್ರಾನ್ಸ್‌ಮಿಟರು ಮೊದಲ ವಾರವೇ ನೀರಿಗೆ ಬಿದ್ದು ಕೆಟ್ಟಿತು. ಉಳಿದದ್ದು ಮೇಷ್ಟ್ರಿಗೆ.

ನಾಟಕದ ಮಾರನೆಯ ದಿನ ನಮ್ಮ ಅಂಗಡಿಯ ಯಜಮಾನರನ್ನು ಕಂಟ್ರಾಕ್ಟರು ಎಲ್ಲರೆದುರು ಬೈದರು. ಯಜಮಾನರು ನನಗೆ ಬೈಯಲಿಲ್ಲ, ಸರಿಮಾಡು ಎಂದರು ಅಷ್ಟೆ. ಬ್ಯಾಟರಿ ಬದಲಿಸಿದೆ. ಬೆವರಿಗೆ ಮೈಕಿನ ವಯರು ಹಾಳಾಗಿರಬಹುದೆಂದು ಬೇರೆ ವಯರು ಹಾಕಿದೆ. ರಾಜವೇಷದ ತಗಡಿನ ಎದೆಕವಚ ಅಡ್ಡ ಬರುತ್ತಿರಬಹುದೆಂದು ಟ್ರಾನ್ಸ್‌ಮಿಟರನ್ನು ಬೆನ್ನಿಗೆ ಕಟ್ಟಿದೆ. ಆದರೂ ಮುಂದಿನ ನಾಟಕದಲ್ಲಿ ದನಿ ಅದೇ ರೀತಿ ಹೋಗಿ ಬಂದು ಮಾಡಿತು.

ಹಾಲ್ ಖಾಲಿಯಿದ್ದ ಒಂದು ಮಧ್ಯಾಹ್ನ ಅಕ್ಕನನ್ನು ಕರೆಸಿಕೊಂಡೆ. ಮೈಕು ಕಟ್ಟಿಕೊಂಡು ವೇದಿಕೆಯ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಾ ಏನಾದರೂ ಮಾತಾಡುತ್ತಿರಬೇಕು, ಅಷ್ಟೇ ಅವರ ಕೆಲಸ. ಅಕ್ಕ ಹೊಸಪೇಟೆಯ ತಮ್ಮ ಓಣಿಯ ಮನೆಗಳ ಹೆಸರು ಒಂದೊಂದಾಗಿ ಹೇಳುತ್ತಾ ನಡೆದರು. ನಾನು ಹೆಡ್‌ಫೋನ್ ಹಾಕಿಕೊಂಡು, ದನಿ ಸತ್ತಲ್ಲೆಲ್ಲ ನಿಲ್ಲಿಸಿ, ಹೋಗಿ ಸುಣ್ಣದಕಡ್ಡಿಯಿಂದ ಗುರುತು ಹಾಕಿದೆ. ಸತ್ತ ಜಾಗಗಳು ಅಂಗೈಯಷ್ಟೇ ಅಗಲ. ಅಕ್ಕ ಸ್ವಲ್ಪ ವಾಲಿದರೂ ದನಿ ಮರಳುತ್ತಿತ್ತು. ಹಿಂದಿನ ಪರದೆಯ ಕಬ್ಬಿಣದ ಚೌಕಟ್ಟು ಸರಿಸಿದರೆ ಕೆಲವು ಜಾಗ ಬದಲಾಗುತ್ತಿದ್ದವು, ಮುಂಭಾಗದ ಕೆಲವು ಮಾತ್ರ ಅಲ್ಲಲ್ಲೇ ಉಳಿಯುತ್ತಿದ್ದವು.

ಆಗ ರೋಗ ತಿಳಿಯಿತು. ಟ್ರಾನ್ಸ್‌ಮಿಟರಿನಿಂದ ಹೊರಟ ಅಲೆ ಆಂಟೆನಾಕ್ಕೆ ನೇರವಾಗಿಯೂ ಬರುತ್ತದೆ, ತಗಡಿನ ಮಾಡಿಗೋ ಕಬ್ಬಿಣದ ಕಂಬಕ್ಕೋ ಬಡಿದು ಸುತ್ತುದಾರಿಯಲ್ಲೂ ಬರುತ್ತದೆ. ಎರಡೂ ಕೂಡಿಕೊಂಡರೆ ಬಲ. ಒಂದು ಏರುವಾಗ ಇನ್ನೊಂದು ಇಳಿದರೆ ಎರಡೂ ಸೇರಿ ಸೊನ್ನೆ. ಮೇಷ್ಟ್ರು ಆ ಸೊನ್ನೆಯ ಮೇಲೆ ಕಾಲಿಟ್ಟಾಗಲೆಲ್ಲ ದನಿ ಹೋಗುತ್ತಿತ್ತು. ಟ್ರಾನ್ಸ್‌ಮಿಟರಿನ ಬಲ ಹೆಚ್ಚಿಸಿದರೂ ಇದು ಹೋಗುವುದಿಲ್ಲ, ಯಾಕೆಂದರೆ ತಿರುಗಿ ಬರುವ ಅಲೆಯೂ ಅಷ್ಟೇ ಹೆಚ್ಚುತ್ತದೆ. ದಾರಿ ಒಂದೇ. ಬೇರೆ ಜಾಗದಲ್ಲಿ ಇನ್ನೊಂದು ಆಂಟೆನಾ ನಿಲ್ಲಿಸುವುದು. ಒಂದಕ್ಕೆ ಸೊನ್ನೆಯಾದ ಗಳಿಗೆ ಇನ್ನೊಂದಕ್ಕೂ ಸೊನ್ನೆಯಾಗುವುದು ತೀರ ಅಪರೂಪ. ಎರಡರಲ್ಲಿ ಯಾವುದು ಚೆನ್ನಾಗಿ ಕೇಳುತ್ತಿದೆಯೋ ಅದನ್ನು ಸ್ಪೀಕರಿಗೆ ಬಿಡಬೇಕು. ಹೊರದೇಶದಲ್ಲಿ ಇಂಥ ರಿಸೀವರು ಸಿಗುತ್ತದೆಂದು ಓದಿದ್ದೆ. ನಮಗೆ ಸಿಗುವ ಹಾಗಿರಲಿಲ್ಲ, ನಾನೇ ಮಾಡಲು ಕೂತೆ.

ಮೊದಲು ಅವಸರಪಟ್ಟು ಒಂದೇ ಕಂಬಕ್ಕೆ ಎರಡು ಆಂಟೆನಾ ಗೇಣಂತರದಲ್ಲಿ ಕಟ್ಟಿ, ಎರಡರ ವಯರನ್ನೂ ಒಂದೇ ರಿಸೀವರಿಗೆ ಕೊಟ್ಟೆ. ಏನೂ ಪ್ರಯೋಜನವಾಗಲಿಲ್ಲ. ಅಷ್ಟು ಹತ್ತಿರ ಇದ್ದರೆ ಎರಡೂ ಒಟ್ಟಿಗೇ ಸಾಯುತ್ತಿದ್ದವು. ಆಂಟೆನಾಗಳು ದೂರದೂರ ಇರಬೇಕು, ರಿಸೀವರೂ ಎರಡು ಬೇಕು. ಟ್ರಾನ್ಸ್‌ಮಿಟರು ಕೆಟ್ಟಿದ್ದ ಸೆಟ್ಟಿನ ರಿಸೀವರು ಇತ್ತು, ಆದರೆ ಅದು ಬೇರೆ ಫ್ರೀಕ್ವೆನ್ಸಿಯದು. ಅದನ್ನು ಮೇಷ್ಟ್ರ ಟ್ರಾನ್ಸ್‌ಮಿಟರಿನ ಫ್ರೀಕ್ವೆನ್ಸಿಗೆ ತರುವ ಕ್ರಿಸ್ಟಲ್ ಕತ್ತರಿಸಿ ಕಳಿಸುವಂತೆ ಬೆಂಗಳೂರಿಗೆ ಬರೆದು, ವಾರಗಟ್ಟಲೆ ಕಾದೆ.

ಈ ಕಾಯುವ ದಿನಗಳಲ್ಲೂ ಅದೇ ಹಾಲಿನಲ್ಲಿ ನಾಟಕಗಳು ನಡೆದವು. ಮೇಷ್ಟ್ರಿಗೆ ಸುಣ್ಣದ ಗುರುತುಗಳನ್ನು ತೋರಿಸಿ, ಇವುಗಳ ಮೇಲೆ ಮಾತ್ರ ನಿಲ್ಲಬೇಡಿ ಎಂದಿದ್ದೆ. ಅವರು ಒಂದೊಂದನ್ನೂ ಗಮನವಿಟ್ಟು ನೋಡಿ ತಲೆಯಾಡಿಸಿದ್ದರು. ಮಾತು ಅಲ್ಲಿಂದ ಮುಂದೆ ಎಲ್ಲೂ ಕಡಿಯಲಿಲ್ಲ. ಪದ್ಯವೂ ಮುಕ್ಕಾಲು ಪಾಲು ಸರಾಗವಾಗಿ ಬರುತ್ತಿತ್ತು. ಕೊನೆಯಲ್ಲಿ ದನಿ ಏರಿಸುವ ಹೊತ್ತಿಗೆ ಮಾತ್ರ ‘ಭುಸ್’. ಮೊದಲ ಸಲ ಮರೆತು ಕಾಲಿಟ್ಟರು ಅಂದುಕೊಂಡೆ. ಎರಡನೆಯ ನಾಟಕದಲ್ಲೂ ಹಾಗೇ ಆಯಿತು.

ಮೂರನೆಯ ನಾಟಕದಲ್ಲಿ ನಾನು ರಿಸೀವರಿನ ಮೀಟರು ಬಿಟ್ಟು ಅವರ ಕಾಲನ್ನೇ ನೋಡುತ್ತಾ ಕೂತೆ. ಪದ್ಯ ಕೊನೆಗೆ ಬರುತ್ತಿದ್ದಂತೆ ಅವರು ರಾಜಠೀವಿಯಲ್ಲಿ ಎರಡು ಹೆಜ್ಜೆ ನಡೆದು ಬಂದು, ಕಣ್ಣು ಒಮ್ಮೆ ಕೆಳಗೆ ಹಾಯಿಸಿ, ಬಲಗಾಲನ್ನು ಸರಿಯಾಗಿ ಗುರುತಿನ ಮೇಲೆ ಇಟ್ಟರು. ಆಮೇಲೆ ತಲೆಯೆತ್ತಿ ದನಿ ತೆಗೆದರು. ಸ್ಪೀಕರು ಸತ್ತಿತು. ಕೈ ಮೇಲೆತ್ತಿ, ಕುತ್ತಿಗೆಯ ನರ ಉಬ್ಬಿಸಿ ಅವರು ನಿಂತಿದ್ದರು. ಸಭೆ ಎದ್ದು ಚಪ್ಪಾಳೆ ಹೊಡೆಯಿತು. ವರ್ಷಗಳಿಂದ ಕೇಳಿದ್ದ ದನಿಯನ್ನು ಜನ ತಾವೇ ತುಂಬಿಕೊಂಡರು, ಮೈಕಿಗೆ ಶಾಪ ಹಾಕಿದರು. ಮುಂದಿನ ಸಾಲಿನವರಿಗೆ ಮೈಕಿಲ್ಲದ ಬರಿಯ ದನಿಯೂ ಕೇಳಿಸಿರಬೇಕು. ಅವರಲ್ಲಿ ಒಬ್ಬಿಬ್ಬರು ಚಪ್ಪಾಳೆ ಹೊಡೆಯದೆ ಕೂತಿದ್ದನ್ನು ನಾನು ನೋಡಿದೆ.

ಯಾರಿಗೂ ಹೇಳಲಿಲ್ಲ. ಕ್ರಿಸ್ಟಲ್ ಬಂತು, ಎರಡನೆಯ ರಿಸೀವರಿಗೆ ಹಾಕಿದೆ. ರಿಸೀವರುಗಳಲ್ಲಿ ಸಿಗ್ನಲ್ಲಿನ ಬಲ ತೋರಿಸುವ ಸಣ್ಣ ಮುಳ್ಳಿತ್ತು. ಆ ಮುಳ್ಳನ್ನು ಆಡಿಸುವ ವೋಲ್ಟೇಜನ್ನು ಎರಡರಿಂದಲೂ ತೆಗೆದು ಹೋಲಿಸಿ, ಹೆಚ್ಚು ಇರುವ ಕಡೆಗೆ ರಿಲೇ ಸ್ವಿಚ್ಚು ತಿರುಗುವಂತೆ ಮಾಡಿದೆ. ರಿಲೇ ತಿರುಗಿದಾಗಲೆಲ್ಲ ಸ್ಪೀಕರಿನಲ್ಲಿ ಟಿಕ್ ಎನ್ನುತ್ತಿತ್ತು. ರಿಲೇ ತೆಗೆದು ಸದ್ದಿಲ್ಲದೆ ಬದಲಿಸುವ ಐಸಿ ಚಿಪ್ಪು ಹಾಕಿದೆ. ಆಗ ಇನ್ನೊಂದು ತೊಂದರೆ. ಎರಡೂ ಕಡೆಯ ಬಲ ಸರಿಸಮ ಇದ್ದಾಗ ಅದು ಅತ್ತಿತ್ತ ಓಲಾಡುತ್ತಾ ದನಿಯನ್ನು ನಡುಗಿಸುತ್ತಿತ್ತು. ಇನ್ನೊಂದು ಸ್ಪಷ್ಟವಾಗಿ ಮೇಲಾದರೆ ಮಾತ್ರ ಬದಲಾಗು, ಇಲ್ಲವಾದರೆ ಇದ್ದಲ್ಲೇ ಇರು ಎಂಬಂತೆ ಒಂದು ರೆಸಿಸ್ಟರು ಸೇರಿಸಿದೆ. ಎರಡು ರಿಸೀವರುಗಳ ದನಿಯ ಮಟ್ಟ ಒಂದೇ ಮಾಡಲು ಮತ್ತಷ್ಟು ದಿನ ಹಿಡಿಯಿತು.

ಕೊನೆಗೆ ಒಂದು ಆಂಟೆನಾವನ್ನು ವೇದಿಕೆಯ ಎಡಬದಿಗೆ ನೆಟ್ಟಗೆ, ಇನ್ನೊಂದನ್ನು ಬಲಬದಿಗೆ ಸ್ವಲ್ಪ ಓರೆಯಾಗಿ ನಿಲ್ಲಿಸಿ ನಾನೇ ಮೈಕು ಕಟ್ಟಿಕೊಂಡು ನಡೆದೆ. ಸುಣ್ಣದ ಪ್ರತಿಯೊಂದು ಗುರುತಿನ ಮೇಲೂ ನಿಂತು ಮಾತಾಡಿದೆ. ಖಾಲಿ ಹಾಲಿನ ತುಂಬ ನನ್ನ ದನಿ ಎಲ್ಲೂ ಕಡಿಯದೆ ಕೇಳಿಸಿತು. ಇಂಥ ಕೆಲಸ ಕೈಗೂಡಿದಾಗ ಆಗಬೇಕಾದ ಸಂತೋಷ ನನಗೆ ಆಗಲಿಲ್ಲ. ಮೈಕು ಬಿಚ್ಚಿಟ್ಟು, ವಯರು ಸುತ್ತಿ ಪೆಟ್ಟಿಗೆಗೆ ತುಂಬಿದೆ.

ಆ ವಾರವೇ ವಿಶಾಖಪಟ್ಟಣದಲ್ಲಿ ದೊಡ್ಡ ನಾಟಕ. ಸಮುದ್ರದ ಹತ್ತಿರದ ಬಯಲು ರಂಗಮಂದಿರ. ಈ ಸಲ ಮೈಕು ಕೈಕೊಟ್ಟರೆ ಬೇರೆ ಅಂಗಡಿ ನೋಡಿಕೊಳ್ಳುತ್ತೇನೆ ಎಂದು ಕಂಟ್ರಾಕ್ಟರು ಯಜಮಾನರಿಗೆ ಹೇಳಿಕಳಿಸಿದ್ದರು. ನಾನು ಎರಡನೆಯ ಆಂಟೆನಾ ಸಿದ್ಧವಾಗಿಲ್ಲ ಎಂದುಬಿಡಬಹುದಿತ್ತು. ಯಜಮಾನರಿಗೂ ಅದು ಕೆಲಸ ಮಾಡುತ್ತದೆಂದು ಇನ್ನೂ ಗೊತ್ತಿರಲಿಲ್ಲ. ಹೊರಡುವ ಹಿಂದಿನ ದಿನ ಮೇಷ್ಟ್ರು ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು ಹೋದೆ. ಅಕ್ಕ ಹಿತ್ತಲಲ್ಲಿ ವೇಷದ ಬಟ್ಟೆ ಒಣಗಹಾಕುತ್ತಿದ್ದರು.

“ಅಕ್ಕಾ, ಒಂದು ಮಾತು ಹೇಳ್ತೀನಿ, ಸಿಟ್ಟು ಮಾಡ್ಕೋಬ್ಯಾಡ್ರಿ,” ಎಂದೆ. ಏರದ ದನಿಯನ್ನು ಮುಚ್ಚಿಡಲು ಮೇಷ್ಟ್ರು ಬೇಕೆಂದೇ ಗುರುತಿನ ಮೇಲೆ ನಿಲ್ಲುತ್ತಿರುವುದನ್ನು ಹೇಳಿದೆ. ಎರಡೂ ಆಂಟೆನಾ ಹಾಕಿದರೆ ಇನ್ನು ಹಾಗೆ ಆಗುವುದಿಲ್ಲ ಎಂಬುದನ್ನೂ ಹೇಳಿದೆ.

ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಹಗ್ಗದ ಮೇಲೆ ಎಳೆದು ಸರಿಮಾಡಿದರು. “ನಂಗ ಗೊತ್ತೈತಿ ತಮ್ಮಾ. ಅವ್ರು ಮುಂಜಾನಿ ಬಾಯಿ ಮುಕ್ಕಳಿಸಿದಾಗ ರಕ್ತ ಬರ್ತೈತಿ. ಎಲಿಅಡಿಕಿ ಕೆಂಪು ಅಂತಾರ. ಎಲಿ ಹಾಕ್ಕೊಳ್ಳದ ದಿನಾನೂ ಬರ್ತೈತಿ.”

ಡಾಕ್ಟರ ಹತ್ತಿರ ಹೋಗೋಣವೆಂದು ಅಕ್ಕ ತಿಂಗಳುಗಳಿಂದ ಹೇಳುತ್ತಿದ್ದರಂತೆ. ದನಿಗೇನೂ ಆಗಿಲ್ಲ, ಮೈಕು ಕೆಟ್ಟಿದೆ, ಹುಡುಗ ಸರಿಮಾಡುತ್ತಿದ್ದಾನೆ ಎನ್ನುತ್ತಿದ್ದರಂತೆ ಮೇಷ್ಟ್ರು. ಮಕ್ಕಳೂ ಅದನ್ನೇ ನಂಬಿದ್ದರು.

“ಹಂಗಾರ ಏನು ಮಾಡ್ಲಿ ಅಕ್ಕಾ?”

“ನೀನು ಎರಡೂ ಹಾಕು,” ಎಂದರು. “ಅವ್ರಿಗೆ ಅಡಗಿಕೊಳ್ಳಾಕ ಜಾಗ ಇರಬಾರದು. ಆವಾಗಾದ್ರೂ ದವಾಖಾನಿಗೆ ಬರ್ತಾರ.”

ವಿಶಾಖಪಟ್ಟಣದಲ್ಲಿ ತಗಡಿನ ಮಾಡಿರಲಿಲ್ಲ. ಆದರೆ ದೀಪದ ಕಬ್ಬಿಣದ ಗೋಪುರಗಳು ವೇದಿಕೆಯ ಎರಡೂ ಪಕ್ಕ ನಿಂತಿದ್ದವು. ಉಪ್ಪುಗಾಳಿಗೆ ಕನೆಕ್ಟರುಗಳು ಒಂದೇ ದಿನದಲ್ಲಿ ಮಂಕಾಗುತ್ತಿದ್ದವು, ಅವನ್ನು ಉಜ್ಜಿ ಟೇಪು ಸುತ್ತಿ, ಬಿದಿರಿನ ಗಳಕ್ಕೆ ಆಂಟೆನಾ ಕಟ್ಟಿದೆ. ಊಟವಾದ ಮೇಲೆ ಮೇಷ್ಟ್ರು ಬಂದರು, ಜೊತೆಗೆ ಅಕ್ಕ. ಮೇಷ್ಟ್ರು ತಾವೇ ಟ್ರಾನ್ಸ್‌ಮಿಟರು ಕೇಳಿ ಪಡೆದು ಸೊಂಟಕ್ಕೆ ಕಟ್ಟಿಕೊಂಡು ವೇದಿಕೆ ಹತ್ತಿದರು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮೆಲ್ಲಗೆ ನಡೆದರು. ಅಲ್ಲಲ್ಲಿ ನಿಂತು ಒಂದೆರಡು ಮಾತು ಆಡಿ ನನ್ನ ಕಡೆ ನೋಡುತ್ತಿದ್ದರು. ಸ್ಪೀಕರು ಎಲ್ಲವನ್ನೂ ಹೇಳುತ್ತಿತ್ತು. ಮುಂದೆ ಬಂದರು, ಹಿಂದೆ ಹೋದರು, ಗೋಪುರದ ಬುಡಕ್ಕೂ ಹೋಗಿ ನಿಂತರು.

“ಇಲ್ಲಿ ದನಿ ಎಲ್ಲಿ ಹೋಗ್ತೈತಿ, ನಾಯನಾ?” ಎಂದು ಕೇಳಿದರು. ಹೆಂಡತಿಯಿಂದ ಕಲಿತ ಕನ್ನಡ. ಮಗನನ್ನು ಕರೆಯುವಂತೆ ನಾಯನಾ ಎನ್ನುವುದು ಮಾತ್ರ ಅವರ ತೆಲುಗು.

“ಎಲ್ಲೂ ಹೋಗಲ್ರಿ ಮೇಷ್ಟ್ರೆ,” ಎಂದೆ.

ಅವರು ಬಲಬದಿಯ ಬಿದಿರಿನ ಕಡೆ ಕೈ ತೋರಿಸಿ, “ಆ ಕಡೇದು ಬೇಕೇ ಬೇಕಾ?” ಎಂದರು.

ಕೆಳಗೆ ಕುರ್ಚಿಯಲ್ಲಿ ಕೂತಿದ್ದ ಅಕ್ಕ, “ಬೇಕು,” ಎಂದರು. ಮೇಷ್ಟ್ರು ಹೆಂಡತಿಯನ್ನು ನೋಡಿದರು, ನನ್ನನ್ನೂ ನೋಡಿದರು. ಇಬ್ಬರೂ ಮಾತಾಡಿಕೊಂಡಿದ್ದೇವೆಂದು ಅವರಿಗೆ ತಿಳಿದುಹೋಯಿತು. ಸೊಂಟದಿಂದ ಟ್ರಾನ್ಸ್‌ಮಿಟರು ಬಿಚ್ಚಿ ನನ್ನ ಕೈಗೆ ಕೊಟ್ಟು ಬಣ್ಣದ ಕೋಣೆಗೆ ಹೋದರು.

ಸಂಜೆ ಜನ ಕಿಕ್ಕಿರಿದಿದ್ದರು. ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿದ್ದರೂ ಕೊನೆಯ ಸಾಲಿನವರೆಗೆ ಒಂದೊಂದು ಅಕ್ಷರ ಕೇಳುತ್ತಿತ್ತು. ನನ್ನ ಎದುರು ಎರಡು ಮುಳ್ಳುಗಳು ಆಡುತ್ತಿದ್ದವು. ಒಂದು ಬಿದ್ದಾಗ ಇನ್ನೊಂದು ಎದ್ದಿರುತ್ತಿತ್ತು. ಮೇಷ್ಟ್ರ ಮಾತು, ಪದ್ಯದ ಮೊದಲ ಸಾಲುಗಳು ಎಲ್ಲ ಚೆನ್ನಾಗಿದ್ದವು. ದನಿ ಸ್ವಲ್ಪ ಒರಟಾಗಿತ್ತು, ರಾಜನ ಪಾತ್ರಕ್ಕೆ ಅದೂ ಒಪ್ಪುವಂತಿತ್ತು. ಕೊನೆಯ ಸಾಲಿಗೆ ಬಂದು ಅವರು ಎಲ್ಲಿಗೂ ನಡೆಯಲಿಲ್ಲ. ವೇದಿಕೆಯ ನಟ್ಟನಡುವೆ ನಿಂತು ದನಿ ಎತ್ತಿದರು.

ದನಿ ಅರ್ಧ ಏರಿ ಒಡೆಯಿತು. ಒಣ ಬಟ್ಟೆ ಹರಿದಂಥ ಒಂದು ಸದ್ದು, ಅದರ ಹಿಂದೆ ಬರಿಯ ಉಸಿರು. ಅದನ್ನು ನನ್ನ ಎರಡು ಆಂಟೆನಾಗಳು ಒಂದಿಷ್ಟೂ ಬಿಡದೆ ಹಿಡಿದು ಇಡೀ ಮೈದಾನಕ್ಕೆ ಕೊಟ್ಟವು. ಹಾರ್ಮೋನಿಯಂನವರು ದನಿ ಮುಚ್ಚಲೆಂದು ಜೋರಾಗಿ ನುಡಿಸಿದರು. ಮೇಷ್ಟ್ರು ಕೈಸನ್ನೆಯಲ್ಲಿ ಅವರನ್ನು ನಿಲ್ಲಿಸಿ, ಮತ್ತೊಮ್ಮೆ ಪ್ರಯತ್ನಿಸಿದರು. ಮತ್ತೆ ಒಡೆಯಿತು. ಜನ ಕೂಗಲಿಲ್ಲ, ಬೈಯಲಿಲ್ಲ. ವಯಸ್ಸಾದ ಒಬ್ಬರು ನನ್ನ ಮೇಜಿನ ಹತ್ತಿರ ಬಂದು, ಮೈಕಿನಲ್ಲೇನಾದರೂ ದೋಷವೇ ಎಂದು ತೆಲುಗಿನಲ್ಲಿ ಮೆಲ್ಲಗೆ ಕೇಳಿದರು. ಮೈಕು ಸರಿಯಾಗಿದೆ ಎಂದೆ. ಅವರು ತಲೆತಗ್ಗಿಸಿ ಹೋಗಿ ತಮ್ಮ ಜಾಗದಲ್ಲಿ ಕೂತರು. ಉಳಿದ ಪದ್ಯಗಳನ್ನು ಮೇಷ್ಟ್ರು ಶ್ರುತಿ ಇಳಿಸಿ, ಏರಿಸುವ ಕಡೆಯೆಲ್ಲ ಬರಿಯ ಮಾತಿನಂತೆ ಹೇಳಿ ನಾಟಕ ಮುಗಿಸಿದರು.

ಕಂಟ್ರಾಕ್ಟರು ಬಂದು ನನ್ನ ಬೆನ್ನು ತಟ್ಟಿದರು. ಮೊದಲ ಸಲ ಮೈಕು ಮೈಕಿನ ಹಾಗೆ ಕೆಲಸ ಮಾಡಿತು ಎಂದರು. ಮುಂದಿನ ನಾಟಕಕ್ಕೆ ಬೇರೆ ರಾಜನನ್ನು ನೋಡಬೇಕು ಎಂದೂ ಅದೇ ಉಸಿರಿನಲ್ಲಿ ಹೇಳಿದರು. ಟ್ರಾನ್ಸ್‌ಮಿಟರು ಬಿಚ್ಚಿಕೊಳ್ಳಲು ಬಣ್ಣದ ಕೋಣೆಗೆ ಹೋದೆ. ಮೇಷ್ಟ್ರು ಕೊಬ್ಬರಿಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸುತ್ತಿದ್ದರು.

“ಎಲ್ಲಾ ಕೇಳಿಸ್ತಾ ನಾಯನಾ?” ಎಂದರು. ಆ ಹೊತ್ತಿಗೆ ಅವರ ಮಾತು ಪಿಸುಮಾತಾಗಿತ್ತು.

ಕೇಳಿಸಿತು ಎಂದೆ. ಹ್ಞೂಂ ಎನ್ನುವಂತೆ ತಲೆಯಾಡಿಸಿ, ಬೆನ್ನು ತಿರುಗಿಸಿ, ವಯರು ಬಿಚ್ಚಲು ಅನುವು ಮಾಡಿಕೊಟ್ಟರು. ಅವರ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಗಂಟು ಬಿಚ್ಚಿ ಟ್ರಾನ್ಸ್‌ಮಿಟರು ತೆಗೆದುಕೊಂಡೆ.

ಮಾರನೆಯ ದಿನ ಅಲ್ಲಿಯ ದೊಡ್ಡಾಸ್ಪತ್ರೆಗೆ ನಾವು ಮೂವರೂ ಹೋದೆವು. ಅಕ್ಕ ಅಂದುಕೊಂಡಂತೆ ಮೇಷ್ಟ್ರು ಎದುರಾಡದೆ ಬಂದರು. ಡಾಕ್ಟರು ಗಂಟಲಿನೊಳಗೆ ಕನ್ನಡಿಯಿಟ್ಟು ನೋಡಿ, ಕುತ್ತಿಗೆಯ ಎರಡೂ ಪಕ್ಕ ಒತ್ತಿ ನೋಡಿ, ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ಒಂದು ವರ್ಷದ ಮೇಲಾಯಿತು ಎಂದು ಅಕ್ಕ ಹೇಳಿದರು. ಗಂಟಲಿನೊಳಗಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಕೆಲವು ದಿನಗಳಲ್ಲಿ ವರದಿ ಬಂತು. ಕ್ಯಾನ್ಸರ್ ಆಗಿತ್ತು, ಧ್ವನಿಪೆಟ್ಟಿಗೆ ದಾಟಿ ಕುತ್ತಿಗೆಗೂ ಇಳಿದಿತ್ತು. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು, ತೆಗೆದರೂ ಭರವಸೆ ಕೊಡಲಾರೆ ಎಂದರು ಡಾಕ್ಟರು. ಅಕ್ಕ ಅದನ್ನು ಕನ್ನಡದಲ್ಲಿ ಮತ್ತೊಮ್ಮೆ ಹೇಳು ಎಂದು ನನ್ನನ್ನು ಕೇಳಿದರು. ಅವರಿಗೆ ತೆಲುಗು ನನಗಿಂತ ಚೆನ್ನಾಗಿ ಬರುತ್ತಿತ್ತು. ನಾನು ಹೇಳಿದೆ.

ಆಪರೇಷನ್ ಆಯಿತು. ಮೇಷ್ಟ್ರು ಕುತ್ತಿಗೆಯಲ್ಲೊಂದು ತೂತಿನೊಡನೆ ವಿಜಯವಾಡದ ಮನೆಗೆ ಮರಳಿದರು. ನಾಟಕಗಳು ನಡೆಯುತ್ತಲೇ ಇದ್ದವು. ಹೊಸ ರಾಜ ಬಂದ. ನನ್ನ ಎರಡು ಆಂಟೆನಾ ನೋಡಲು ಗುಂಟೂರಿನಿಂದಲೂ ಸೌಂಡಿನವರು ಬಂದರು, ಹಾಗೇ ಮಾಡಿಕೊಡೆಂದು ಕೇಳಿದರು. ಇಬ್ಬರಿಗೆ ಮಾಡಿಕೊಟ್ಟೆ. ಕೊನೆಗೆ ನಡೆದು ಪರೀಕ್ಷಿಸುವ ಕೆಲಸವನ್ನು ಮಾತ್ರ ಅವರಿಗೇ ಬಿಟ್ಟೆ. ಮೂರನೆಯವರಿಗೆ ಸಮಯವಿಲ್ಲ ಎಂದುಬಿಟ್ಟೆ.

ಒಂದು ದಿನ ಅಕ್ಕ ಹೇಳಿಕಳಿಸಿದರು. ನಾಟಕವಿದ್ದಾಗ ನಾನು ಮೈಕಿನ ಮೇಜಿನಿಂದ ಕ್ಯಾಸೆಟ್ಟಿಗೆ ಮುದ್ರಿಸಿಕೊಳ್ಳುತ್ತಿದ್ದುದು ಅವರಿಗೆ ತಿಳಿದಿತ್ತು. ಮೇಷ್ಟ್ರ ದನಿ ಇರುವ ಕ್ಯಾಸೆಟ್ಟು ಒಂದು ಬೇಕಿತ್ತು ಎಂದರು. ಅಂಗಡಿಗೆ ಹೋಗಿ ಎಲ್ಲವನ್ನೂ ಹಾಕಿ ಕೇಳಿದೆ. ಹಳೆಯ ಮೈಕುಗಳ ಕಾಲದಲ್ಲಿ ಮುದ್ರಿಸುವ ಅಭ್ಯಾಸವೇ ಇರಲಿಲ್ಲ. ವೈರ್‌ಲೆಸ್ ಬಂದ ಮೇಲಿನ ಒಂದೊಂದು ಕ್ಯಾಸೆಟ್ಟಿನಲ್ಲೂ ಪದ್ಯ ಕಡಿದುಹೋಗಿತ್ತು. ಮೊದಲಿನಿಂದ ಕೊನೆಯವರೆಗೆ ಒಂದಕ್ಷರವೂ ಬಿಡದೆ ಮೇಷ್ಟ್ರ ದನಿ ಇದ್ದ ಕ್ಯಾಸೆಟ್ಟು ವಿಶಾಖಪಟ್ಟಣದ್ದು ಒಂದೇ.

ಅದನ್ನೇ ಒಯ್ದೆ. ಅಕ್ಕನನ್ನು ಬಾಗಿಲ ಹೊರಗೆ ಕರೆದು ವಿಷಯ ತಿಳಿಸಿದೆ, ಅವರಿಲ್ಲದಾಗ ಕೇಳಿರಿ ಎಂದೆ. ಮೇಷ್ಟ್ರು ಒಳಗಿನಿಂದ ನೋಡುತ್ತಿದ್ದರು. ಕೈಚಾಚಿ ಕ್ಯಾಸೆಟ್ಟು ಇಸಿದುಕೊಂಡು ತಾವೇ ಟೇಪ್‌ರೆಕಾರ್ಡರಿಗೆ ಹಾಕಿದರು. ಟೇಪಿನಲ್ಲಿ ನಾಟಕ ಸಾಗಿತು. ಅವರು ಗೋಡೆಗೊರಗಿ, ಹುಡುಗರಿಗೆ ಪಾಠ ಹೇಳುವಾಗಿನಂತೆ ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಿದರು. ಪದ್ಯದ ಕೊನೆಯ ಸಾಲು ಹತ್ತಿರವಾದಾಗ ಅಕ್ಕ ಎದ್ದು ಹೋಗಿ ಟೇಪು ನಿಲ್ಲಿಸಿದರು. ಮೇಷ್ಟ್ರು ತಾಳದ ಕೈ ನಿಲ್ಲಿಸದೆ, ಇನ್ನೊಂದು ಕೈಯಿಂದ ಗುಂಡಿಯನ್ನು ಮತ್ತೆ ಒತ್ತಿದರು. ದನಿ ಏರಿತು, ಒಡೆಯಿತು. ಎರಡನೆಯ ಸಲವೂ ಒಡೆಯಿತು. ಅವರು ತಾಳ ತಪ್ಪಲಿಲ್ಲ. ಪದ್ಯ ಮುಗಿದ ಮೇಲೆ ಕ್ಯಾಸೆಟ್ಟು ತೆಗೆದು, ಪೆಟ್ಟಿಗೆಯಲ್ಲಿಟ್ಟು, ಅಕ್ಕನ ಮಡಿಲಿಗೆ ಹಾಕಿದರು.